ಎತ್ತಿಟ್ಟ ಮಂಡಕ್ಕಿ

ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಹುಲಿಗೆಮ್ಮ ಬೆರಳಲ್ಲಿ ಉರುಟಿ ನೋಡಿದಳು. ಇನ್ನೂ ಉಂಡೆ ಕಟ್ಟುತ್ತಿರಲಿಲ್ಲ. ಕೆಂಪಿನದು ಮುಗಿದಿತ್ತು, ಹಸಿರಿನದು ಮುಗಿದಿತ್ತು, ಈಗ ಹಳದಿಯ ಸರದಿ. ಒಲೆಯ ಆಚೆ ಹಾಸಿದ್ದ ಹಳೇ ಪಂಚೆಯ ಮೇಲೆ ಬಣ್ಣದ ಮಂಡಕ್ಕಿ ಉಂಡೆಗಳು ಸಾಲಾಗಿ ಕೂತು ಆರುತ್ತಿದ್ದವು. ನೋಡುವವರಿಗೆ ಚೆಂದ. ಮಾಡುವವಳಿಗೆ ಸೊಂಟ ಇದೆಯೋ ಬಿದ್ದುಹೋಯಿತೋ ಗೊತ್ತಾಗುತ್ತಿರಲಿಲ್ಲ.

ಬೆಲ್ಲದ ಪಾಕವಾದರೆ ಕಣ್ಣಳತೆಯಲ್ಲೇ ತಿಳಿಯುತ್ತದೆ. ಸಕ್ಕರೆಯದು ಹಾಗಲ್ಲ, ಬಹಳ ಠಕ್ಕು. ಮುಂಚೆ ಇಳಿಸಿದರೆ ಉಂಡೆ ನಿಲ್ಲುವುದಿಲ್ಲ, ತಡವಾದರೆ ಕಲ್ಲು. ಆದರೆ ಬೆಲ್ಲಕ್ಕೆ ಬಣ್ಣ ಹತ್ತುವುದಿಲ್ಲವಲ್ಲ, ಅದಕ್ಕೇ ಸಕ್ಕರೆ. ಪಾಕವನ್ನು ಮಂಡಕ್ಕಿಗೆ ಸುರಿದು, ಸೌಟಿನಲ್ಲಿ ತಿರುವಿ, ಬಿಸಿ ಆರುವ ಮುಂಚೆ ಅಂಗೈಗೆ ನೀರು ಸವರಿಕೊಂಡು ಸರಸರನೆ ಕಟ್ಟಬೇಕು. ಕೈ ಸುಡುತ್ತದೆ, ಸುಟ್ಟರೆ ಸುಡಲಿ ಅಂತ ಕಟ್ಟಬೇಕು. ಯಾರೋ ಕರೆದರು ಎಂದು ನಡುವೆ ಎದ್ದರೆ ಮುಗೀತು, ಆಮೇಲೆ ಬಾಣಲೆಯಲ್ಲಿ ಇರುವುದನ್ನು ಸುತ್ತಿಗೆಯಲ್ಲಿ ಒಡೆಯಬೇಕು.

ಇವತ್ತು ಮೊಮ್ಮಗಳು ಧನ್ಯಶ್ರೀಗೆ ವರ್ಷ ತುಂಬುತ್ತದೆ. ತರೀಕೆರೆಯಲ್ಲಿ, ಮಗಳು ಸ್ಪೂರ್ತಿಯ ಮನೆಯಲ್ಲಿ, ಸಂಜೆ ಬರ್ತ್‌ಡೇ. "ಕೇಕು ಇವ್ರ ಕಡೆಯವ್ರು ತತ್ತಾರೆ ಕಣಮ್ಮ. ನೀನು ಬಣ್ಣದುಂಡೆ ಮಾಡ್ಕಂಡ್ ಬಾ. ಬಂದ ಮಕ್ಳಿಗೆಲ್ಲಾ ಒಂದೊಂದು ಕವರಲ್ಲಿ ಹಾಕಿ ಕೊಡಣ. ನಮ್ಮಮ್ಮ ಮಾಡಿದ್ದು ಅಂತ ಹೇಳ್ಕತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ಸ್ಪೂರ್ತಿ ಸ್ಕೂಲಿಗೆ ಹೋಗುವಾಗ ಬೇರೆ ಮಕ್ಕಳು ಹುಟ್ಟಿದ ದಿನಕ್ಕೆ ಚಾಕೊಲೇಟು ಹಂಚಿದರೆ ಇವಳು ಅಮ್ಮನ ಬಣ್ಣದುಂಡೆ ಹಂಚುತ್ತಿದ್ದಳು. ಆಮೇಲೆ ಊರಲ್ಲಿ ಯಾವ ಮಗುವಿನ ಬರ್ತ್‌ಡೇ ಆದರೂ, ಅಂಗನವಾಡಿಯಲ್ಲಿ ಏನಾದರೂ ಇದ್ದರೂ, "ಹುಲಿಗೆಮ್ಮಂಗೆ ಹೇಳಿ" ಎನ್ನುವುದು ರೂಢಿಯಾಗಿಬಿಟ್ಟಿತು. ಊರಿನ ಮಕ್ಕಳಿಗೆಲ್ಲ ಮಾಡಿ ಕೊಟ್ಟವಳು ಮೊಮ್ಮಗಳಿಗೆ ಮಾಡುತ್ತಿರುವುದು ಇದೇ ಮೊದಲು.

ಮೊಮ್ಮಗಳನ್ನು ಅವಳು ಇನ್ನೂ ಮುಟ್ಟಿ ಕೂಡ ನೋಡಿರಲಿಲ್ಲ. ಸ್ಪೂರ್ತಿ ಬೇರೆ ಜನದ ಹುಡುಗ ರಘುವನ್ನು ತಾನೇ ಮೆಚ್ಚಿ, ಕಡೂರಿನ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾದ ದಿನದಿಂದ ಗಂಡ ಹಾಲೇಶ ಮಗಳ ಹೆಸರೆತ್ತಿರಲಿಲ್ಲ. ಚೊಚ್ಚಲ ಬಾಣಂತನಕ್ಕೂ ಕರೆತರಲು ಬಿಡಲಿಲ್ಲ. ಮಗಳಿಗೆ ಒಂದು ಚೊಂಬು ಬಿಸಿನೀರು ಹುಯ್ಯಲಿಲ್ಲ, ಮಗುವಿಗೆ ಎಣ್ಣೆ ತೀಡಲಿಲ್ಲ ಎನ್ನುವ ಸಂಕಟ ಹುಲಿಗೆಮ್ಮನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಕೊನೆಗೆ ಅವಳ ಮಾವ, ಹಾಲೇಶನ ಅಪ್ಪ ಸಣ್ಣಬೀರಪ್ಪ, ಮಲಗಿದ ಕಡೆಯಿಂದಲೇ ಮಗನಿಗೆ ಚೆನ್ನಾಗಿ ಝಾಡಿಸಿದ್ದ. "ಹಟ ಮಾಡಕ್ಕೆ ನಿಂಗೇನು ಮೂರು ವರ್ಷವೇನೋ? ಮಗೀಗೆ ವರ್ಷ ಆಗ್ತೈತೆ. ಹೋಗ್ರಲೇ ಇಬ್ರೂ." ಹಾಲೇಶ ಅರ್ಧಕ್ಕೆ ಬಗ್ಗಿದ. "ಬೇಕಾದ್ರೆ ಅವ್ಳು ಹೋಗಿ ಬರ್ಲಿ. ನಾ ಆ ಹೊಸ್ತಿಲು ತುಳಿಯಲ್ಲ" ಎಂದ. ಹಾಗೆಂದವನೇ ನಿನ್ನೆ ಬೈಕಿನಲ್ಲಿ ಅಜ್ಜಂಪುರಕ್ಕೆ ಹೋಗಿ ಒಂದು ಚೀಲ ಮಂಡಕ್ಕಿ ತಂದು, ಮಾತಿಲ್ಲದೆ ಅಡುಗೆಮನೆ ಬಾಗಿಲಲ್ಲಿ ಇಳಿಸಿ ಹೋಗಿದ್ದ.

ಮಾವ ಹಾಸಿಗೆ ಹಿಡಿದು ವರ್ಷವಾಗುತ್ತ ಬಂದಿತ್ತು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವನು ಮತ್ತೆ ಎದ್ದಿರಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಕುರಿ ಕಾಯುವ ಕಾಲದಿಂದ ಬಿಡದೆ ಹೊದ್ದ ಕರಿ ಕಂಬಳಿಯೊಳಗೆ, ಮಲಗಿರುತ್ತಿದ್ದ. ಮಗ್ಗುಲು ಬದಲಿಸುವುದು, ಒರೆಸುವುದು, ಬಟ್ಟೆ ಒಗೆಯುವುದು, ಗಂಜಿ ಕುಡಿಸುವುದು ಎಲ್ಲ ಹುಲಿಗೆಮ್ಮನೇ. ರಾತ್ರಿಯೆಲ್ಲ ಕೆಮ್ಮು. ಅವಳು ಒಂದು ನಿದ್ದೆ ಪೂರಾ ಮಾಡಿ ಎಷ್ಟು ಕಾಲವಾಯಿತೋ. ಒಮ್ಮೊಮ್ಮೆ ರೇಗುತ್ತಿದ್ದಳು, ರೇಗಿದ ಮೇಲೆ ತಾನೇ ಅಳುತ್ತಿದ್ದಳು. ಆಗ ಮುದುಕ, "ನಾನೇನು ಬೇಕಂತ ಮಲಗಿದೀನೇನವ್ವ, ಕರೆಯೋನು ಮರ್ತವ್ನೆ" ಎಂದು ನಗಿಸುತ್ತಿದ್ದ.

ಇವತ್ತು ಬೆಳಗಿನ ಜಾವ ಎರಡು ಚಮಚ ಗಂಜಿ ಮಾತ್ರ ಇಳಿಯಿತು. ಮೂರನೆಯದು ತುಟಿಯಿಂದ ಹೊರಬಂತು.

"ಇವತ್ತೇ ಅಲ್ವೇನವ್ವ ಮಗೀದು?" ಎಂದ.

"ಹೂಂ ಮಾವ, ಸಂಜೀಕೆ."

"ಸಂಜೆಗಂಟ ಹೆಂಗಾದ್ರೂ ಎಳೀತೀನಿ. ಆಗ್ದಿದ್ರೆ ನೀನು ಈ ಕಡೆ ತಿರುಗಿ ನೋಡ್ಬ್ಯಾಡ. ಹೋಗಿ ಬಾ."

"ಬಿಡ್ತು ಅನ್ನಿ ಮಾವ. ಬೆಳಬೆಳಿಗ್ಗೆ ಏನು ಮಾತು."

"ಬಿಡ್ತು. ಹಾಲೇಶನೂ ಹೋಗಿದ್ರೆ ಚೆಂದಿತ್ತು" ಎಂದು ಸಣ್ಣಬೀರಪ್ಪ ಕಣ್ಣು ಮುಚ್ಚಿದ. ದೊಡ್ಡ ಬಾಣಲೆ ಗ್ಯಾಸಿನ ಮೇಲೆ ಕೂರುವುದಿಲ್ಲ, ಸೌದೆ ಒಲೆಯನ್ನೇ ಹಚ್ಚಬೇಕು, ಹೊಗೆಗೆ ಮುದುಕನ ಕೆಮ್ಮು ಇನ್ನೂ ಕೆರಳುತ್ತದೆ ಎಂದು ಅವಳು ಕೋಣೆಯ ಬಾಗಿಲು ಎಳೆದುಕೊಂಡು ಬಂದಿದ್ದಳು.

ಹಳದಿ ಪಾಕ ಉಂಡೆ ಕಟ್ಟಿತು. ಬಾಣಲೆ ಇಳಿಸಿ, ಬಣ್ಣ ಬೆರೆಸಿ, ಏಲಕ್ಕಿಪುಡಿ ಉದುರಿಸಿ, ಮಂಡಕ್ಕಿ ಸುರಿದು ತಿರುವುವಾಗ ಅವಳಿಗೆ ಕೆಮ್ಮು ನೆನಪಾಯಿತು. ಕೆಂಪು ಕಟ್ಟುವಾಗ ಕೇಳಿಸಿತ್ತು. ಹಸಿರು ಕಟ್ಟುವಾಗ? ಕೇಳಿದ ನೆನಪಿಲ್ಲ. ಸೌಟು ಒಂದು ಗಳಿಗೆ ನಿಂತಿತು. ಹೋಗಿ ನೋಡಲು ಏಳಬೇಕೆಂದುಕೊಂಡಳು, ಏಳಲಿಲ್ಲ. ಬಾಣಲೆಯಲ್ಲಿ ಮಂಡಕ್ಕಿ ಗಟ್ಟಿಯಾಗುತ್ತಿತ್ತು. ಇದೊಂದು ಕಟ್ಟಿ ಮುಗಿಸಿ ನೋಡಿದರಾಯಿತು, ನಿದ್ದೆ ಬಂದಿರಬೇಕು, ರಾತ್ರಿಯೆಲ್ಲ ನಿದ್ದೆ ಎಲ್ಲಿತ್ತು ಪಾಪ ಎಂದುಕೊಂಡು ಕೈಗೆ ನೀರು ಸವರಿಕೊಂಡಳು. ಹಳದಿಯೂ ಕಟ್ಟಿ ಮುಗಿಯಿತು. ಆಮೇಲೂ ಅವಳು ಏಳಲಿಲ್ಲ. ಮತ್ತೊಂದು ಬಾರಿ ಸಕ್ಕರೆ ಹಾಕಿ, ನೀರು ಹುಯ್ದು, ಒಲೆಗೆ ಎರಡು ಸೌದೆ ಒಟ್ಟಿದಳು. ಇನ್ನೊಂದು ಬಣ್ಣ, ಗುಲಾಬಿ, ಬೇಕೇ ಬೇಕೆಂದು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಕರಿಯಮ್ಮ ದೊಡ್ಡ ಸ್ಟೀಲಿನ ಡಬ್ಬ ಹಿಡಿದು ಬಂದಳು. ಉಂಡೆ ಹೊರಲು ಇದೇ ಆಗಬೇಕೆಂದು ಹುಲಿಗೆಮ್ಮ ನಿನ್ನೆ ಹೇಳಿಟ್ಟಿದ್ದಳು. ಕರಿಯಮ್ಮ ವಯಸ್ಸಿನಲ್ಲಿ ದೊಡ್ಡವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಉಂಡೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದನ್ನು ಎತ್ತಿ ನೋಡಿ ಕೆಳಗಿಟ್ಟಳು.

"ಚೆಂದಾಗವೆ ಕಣೇ. ಮಾವ ಹೆಂಗವ್ರೆ?"

"ಮಲಗವ್ರೆ ಅಕ್ಕ."

"ಕೆಮ್ಮೇ ಕೇಳ್ತಿಲ್ವಲ್ಲ. ನಮ್ಮನೆಗಂಟ ಕೇಳ್ತಿತ್ತು ದಿನಾ."

ಹುಲಿಗೆಮ್ಮ ಬಟ್ಟಲಿಗೆ ಪಾಕದ ಹನಿ ಬಿಟ್ಟು ಬೆರಳಾಡಿಸಿದಳು. ಅದು ಕುದಿಯಲು ಶುರುವಾಗಿ ಇನ್ನೂ ಎಷ್ಟು ಹೊತ್ತಾಗಿತ್ತು, ಆಗಲೇ ಪಾಕ ನೋಡುವುದೇನು ಬಂತು. ಕರಿಯಮ್ಮ ಅದನ್ನೂ ನೋಡಿದಳು, ಎಳೆದುಕೊಂಡ ಬಾಗಿಲನ್ನೂ ನೋಡಿದಳು. ಎದ್ದು ಹೋಗಿ ನೂಕಿ ನೋಡುವ ಹೆಂಗಸು ಅವಳು. ಇವತ್ತು ನೂಕಲಿಲ್ಲ. ಅಲ್ಲೇ ಕೂತು ಸೆರಗಿನಿಂದ ಡಬ್ಬ ಒರೆಸತೊಡಗಿದಳು.

"ನಮ್ಮ ದೊಡ್ಡವನ ಮದ್ವೆ ದಿನ ಏನಾಯ್ತು ಗೊತ್ತೇನೇ?" ಎಂದಳು, ಸುಮ್ಮನೆ ಹಳೇ ಮಾತು ತೆಗೆದವಳಂತೆ. "ದೇವನೂರಲ್ಲಿ ನಮ್ಮ ಭಾವ ತೀರ್ಕಂಡಿದ್ರು. ಸುದ್ದಿ ತಗಂಡು ಬೆಳಿಗ್ಗೇನೇ ಒಬ್ಬ ಬಂದಿದ್ನಂತೆ. ನಮ್ಮ ತಮ್ಮ ಬಲು ಹುಷಾರಿ, ಅವನ್ನ ಛತ್ರದ ಹಿಂದ್ಗಡೆನೇ ಕೂರ್ಸಿ ಹೊಟ್ಟೆ ತುಂಬ ಉಣ್ಣಕ್ಕಿಟ್ಟು ಮಾತಾಡಿಸ್ತಾ ಇದ್ದ. ಧಾರೆ ಆಯ್ತು, ಆರತಿ ಆಯ್ತು, ಆಮೇಲೆ ಹೇಳಿದ್ರು. ಆಮೇಲೆ ಅತ್ತಿದ್ದು ನಾವು. ಕಿವಿಗೆ ಬೀಳೋಗಂಟ ಸೂತಕ ಇಲ್ಲ ಕಣೇ. ದೇವ್ರು ಅಷ್ಟು ಮಾತ್ರ ಬಿಟ್ಟವ್ನೆ ನಮ್ಗೆ."

ಮನೆಯಲ್ಲಿ ಸಾವಾದರೆ ತಿಥಿ ಕಳೆಯುವವರೆಗೆ ಸೂತಕ. ಶುಭಕ್ಕೆ ಹೋಗುವಂತಿಲ್ಲ, ಸಿಹಿ ಹಂಚುವಂತಿಲ್ಲ, ಆ ಕೈಯಲ್ಲಿ ಮಗುವಿನ ತಲೆ ಮುಟ್ಟುವಂತಿಲ್ಲ. ಅದೂ ಬೇರೆ ಜನದ ಮನೆ, ಮೊದಲ ಸಲ ಕರೆದಿರುವುದು. ಸೂತಕ ಹೊತ್ತು ಬಂದಳು ಎಂದಾದರೆ ಸ್ಪೂರ್ತಿ ಜನ್ಮಪೂರ್ತಿ ಆ ಮಾತು ಕೇಳಬೇಕು. ಇಲ್ಲ, ಹೋಗುವುದೇ ಇಲ್ಲವೆಂದರೆ, ತವರಿನಿಂದ ಒಂದು ಹುಳವೂ ಬರಲಿಲ್ಲ ಎಂದು ಬಂದವರೆಲ್ಲ ಆಡಿಕೊಳ್ಳುತ್ತಾರೆ. ಇವೆಲ್ಲ ಹುಲಿಗೆಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅವಳು ನಾಲ್ಕನೇ ಪಾಕ ಇಟ್ಟಿದ್ದು.

ಕರಿಯಮ್ಮ ಹೊರಡುವಾಗ, "ಬೇಗ ಬೇಗ ಕಟ್ಕಂಡು ಹೊರಡು. ಅತ್ಲಾಗೆ ಇತ್ಲಾಗೆ ನೋಡ್ಬ್ಯಾಡ" ಎಂದಳು. ಬೆಳಿಗ್ಗೆ ಮುದುಕ ಆಡಿದ ಮಾತೂ ಅದೇ.

ಹಾಲೇಶ ಜಗಲಿಯಲ್ಲಿ ಕೂತಿದ್ದ. ತೋಟಕ್ಕೆ ಹೋಗಿರಲಿಲ್ಲ. ತೆಂಗಿನ ಗರಿ ಸೀಳುವುದಕ್ಕೆ ಕತ್ತಿ ಹಿಡಿದು ಕೂತವನು ಒಂದು ಗರಿಯನ್ನೂ ಸೀಳಿದಂತೆ ಕಾಣಲಿಲ್ಲ. ದಿನಾ ಅಪ್ಪನ ಹಾಸಿಗೆಯ ಪಕ್ಕ ಕೂತು ಕಾಫಿ ಕುಡಿಯುವವನು ಇವತ್ತು ಲೋಟವನ್ನು ಹೊರಗೇ ತರಿಸಿಕೊಂಡಿದ್ದ. ಅದೇಕೆ ಎಂದು ಅವಳು ಕೇಳಿರಲಿಲ್ಲ. ಗುಲಾಬಿ ಉಂಡೆ ಅರ್ಧ ಕಟ್ಟಿದ್ದಾಗ ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಚೀಲದ ಕಡೆ ನೋಡಿದ.

"ಮಂಡಕ್ಕಿ ಎಲ್ಲಾ ಮುಗಿಸ್ಬ್ಯಾಡ" ಎಂದ. "ಸ್ವಲ್ಪ ಎತ್ತಿಡು."

"ಯಾಕೆ?"

"ಸುಮ್ನೆ. ಮನೇಲಿ ಇರ್ಲಿ."

ಅವಳ ಕೈಯಲ್ಲಿದ್ದ ಉಂಡೆ ಹಾಗೇ ನಿಂತಿತು. ಈ ಮನೆಯಲ್ಲಿ ಮಂಡಕ್ಕಿ ಎತ್ತಿಟ್ಟವರು ಯಾರೂ ಇಲ್ಲ. ಇದ್ದರೆ ತಿನ್ನುತ್ತಾರೆ, ಇಲ್ಲದಿದ್ದರೆ ಇಲ್ಲ. ಎತ್ತಿಡುವ ಮಂಡಕ್ಕಿ ಯಾವುದು ಎಂದು ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹೆಣ ಹೊರಟಾಗ ಮುಂದೆ ಒಬ್ಬ ಮೊರ ಹಿಡಿದು ದಾರಿಯುದ್ದಕ್ಕೂ ತೂರಿಕೊಂಡು ಹೋಗುವ ಮಂಡಕ್ಕಿ ಅದು. ಅವಳು ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ. ತಿರುಗಿ ಹೋಗಿ ಮತ್ತೆ ಕತ್ತಿ ಹಿಡಿದು ಕೂತ. ಬಣ್ಣದ ಕೈಯಲ್ಲೇ ಅವಳು ಉಳಿದ ಮಂಡಕ್ಕಿಯನ್ನು ಬಾಚಿ ಬಟ್ಟೆಯ ಚೀಲಕ್ಕೆ ತುಂಬಿ, ಗಂಟು ಹಾಕಿ, ಮಕ್ಕಳ ಕೈಗೆ ಎಟುಕದಂತೆ ಇಡುವವಳ ಹಾಗೆ ಅಟ್ಟದ ಮೇಲಿಟ್ಟಳು. ಮನೆಯಲ್ಲಿ ಮಕ್ಕಳಿರಲಿಲ್ಲ.

ಉಂಡೆಗಳನ್ನು ಕವರಿಗೆ ಹಾಕಿ ಬಣ್ಣದ ದಾರ ಕಟ್ಟಿದ್ದಾಯಿತು. ಡಬ್ಬ ತುಂಬಿತು. ಸ್ಪೂರ್ತಿಗೆಂದು ತೆಗೆದಿಟ್ಟ ಸೀರೆ, ಮಗುವಿಗೆ ತಂದ ಗೆಜ್ಜೆ ಬ್ಯಾಗಿಗೆ ಸೇರಿದವು. ಇನ್ನು ಕೈಕಾಲು ತೊಳೆದು ಸೀರೆ ಉಟ್ಟು ಹೊರಟರೆ ಆಯಿತು. ಹುಲಿಗೆಮ್ಮ ಕೈಗೆ ಸೋಪು ಹಚ್ಚಿ ತಿಕ್ಕಿದಳು, ಬಣ್ಣ ಪೂರ್ತಿ ಹೋಗಲಿಲ್ಲ. ಹಾಗೇ ಕೋಣೆಯ ಬಾಗಿಲ ಮುಂದೆ ನಿಂತಳು. ನೋಡದೆ ಹೋಗಬಹುದು, ಹೋಗು ಎಂದೇ ಎಲ್ಲರೂ ಹೇಳುತ್ತಿದ್ದಾರೆ, ಒಳಗಿರುವವನೂ ಹೇಳಿದ್ದಾನೆ. ಆದರೆ ವರ್ಷಪೂರ್ತಿ ಮಗ್ಗುಲು ತಿರುಗಿಸಿದ ಮನುಷ್ಯ. ಬಾಯಿ ತೆರೆದುಕೊಂಡಿದ್ದರೆ? ನೊಣ ಕೂತಿದ್ದರೆ? ಆ ಒಂದು ನೊಣವೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬಾಗಿಲು ನೂಕಿದಳು.

ನೊಣ ಕೂತಿರಲಿಲ್ಲ. ಬಾಯಿ ತುಸು ತೆರೆದಿತ್ತು, ಕಣ್ಣು ಅರ್ಧ. ಕಂಬಳಿಯ ಮೇಲಿದ್ದ ಕೈಯನ್ನು ಮುಟ್ಟಿದಳು, ತಣ್ಣಗಿತ್ತು. ಯಾವಾಗ ಹೋದರು? ಹಸಿರಿನ ಹೊತ್ತಿಗೋ, ಹಳದಿಗೋ? ಅದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಎದೆಯಿಂದ ಎದ್ದು ಬಂದ ಕೂಗನ್ನು ಸೆರಗು ತುರುಕಿ ತಡೆದಳು. ಕೂಗಿದರೆ ಬೀದಿಗೆ ಸುದ್ದಿ, ಬೀದಿಗೆ ಬಿದ್ದರೆ ಜಗಲಿಯಲ್ಲಿ ಕೂತವನ ಕಿವಿಗೂ ಸುದ್ದಿ. ಕಣ್ಣು ಮುಚ್ಚಿಸಿದಳು. ಗದ್ದ ಎತ್ತಿ ಬಟ್ಟೆ ಕಟ್ಟಿದಳು. ಮೂಲೆಯ ಚೊಂಬಿನಿಂದ ಒಂದು ಚಮಚ ನೀರು ತುಟಿಗೆ ಬಿಟ್ಟಳು, ಅದು ಕೆನ್ನೆಯ ಮೇಲೆ ಹರಿಯಿತು. ಒರೆಸುವಾಗ ನೋಡಿದಳು, ಮುದುಕನ ರೆಪ್ಪೆಗಳ ಮೇಲೆ ತನ್ನ ಬೆರಳಿನ ಗುಲಾಬಿ ಬಣ್ಣ ಹತ್ತಿಬಿಟ್ಟಿತ್ತು. ಸೆರಗಿನಿಂದ ಉಜ್ಜಿದರೆ ಇನ್ನಷ್ಟು ಹರಡಿತು.

ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಾಗ ಹಾಲೇಶ ನಡುಮನೆಯಲ್ಲಿ ನಿಂತಿದ್ದ. ಅವಳ ಮುಖ ಕಂಡವನೇ ಬೀದಿ ಕಡೆಗೆ ತಿರುಗಿಕೊಂಡ.

"ಏನೂ ಹೇಳ್ಬ್ಯಾಡ" ಎಂದ.

"ನಾನೇನೂ ಹೇಳಲ್ಲ."

"ಬಸ್ಸಿಗೆ ಹೊತ್ತಾಯ್ತು. ನೀ ಹೊರಡು. ನಾನಿರ್ತೀನಿ ಇಲ್ಲಿ."

"ನಾ ಹೋಗಂಗಿಲ್ಲ" ಎಂದಳು. "ಈ ಕೈಯಲ್ಲಿ ಮಗೀನ ಎತ್ಕಳಕ್ಕಾಗಲ್ಲ ನನ್ಗೆ. ನೀವು ಹೋಗಿ."

"ನಾನಾ?"

"ನೀವು ಆ ಕೋಣೆಗೆ ಹೋಗಿಲ್ಲ. ನಾನು ನಿಮ್ಗೇನೂ ಹೇಳಿಲ್ಲ. ಯಾರೂ ಏನೂ ಹೇಳಿಲ್ಲ."

ಹಾಲೇಶ ಕಂಬ ಹಿಡಿದುಕೊಂಡ. "ಮಗ ಅಂತ ಒಬ್ನೇ ನಾನು. ಇಂಥ ಹೊತ್ತಲ್ಲಿ ಮನೆ ಬಿಟ್ಟು..."

"ಎಂಥಾ ಹೊತ್ತು?" ಎಂದಳು ಹುಲಿಗೆಮ್ಮ. "ಏನಾಗೈತೆ ಈಗ?"

ಹೇಳಿದರೆ ಅವನಿಗೂ ಗೊತ್ತಾದಂತೆ. ಹೇಳದಿದ್ದರೆ ಹೊರಡಲೇಬೇಕು. ಹೆಂಡತಿ ತನ್ನನ್ನು ಹೀಗೆ ಮೂಲೆಗೆ ಒತ್ತಿ ನಿಲ್ಲಿಸಿದ್ದು ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು.

"ಆ ಹೊಸ್ತಿಲು ತುಳಿಯಲ್ಲ ಅಂದಿದ್ದೆ" ಎಂದ, ಯಾರಿಗೋ ಎಂಬಂತೆ.

"ಅಂದಿದ್ರಿ. ಹಾಲೇಶನೂ ಹೋಗಿದ್ರೆ ಚೆಂದಿತ್ತು ಅಂತ ಮಾವ ಬೆಳಿಗ್ಗೆ ಅಂದ್ರು. ನನ್ಗೆ ಸಾಕಾಗೈತೆ ಕಣ್ರೀ. ಅಪ್ಪ ಮಗನ ಮಧ್ಯೆ, ಅಪ್ಪ ಮಗಳ ಮಧ್ಯೆ, ಎಲ್ಲರ ಮಧ್ಯೆ ನಿಂತು ನಿಂತು ಸಾಕಾಗೈತೆ. ಇವತ್ತೊಂದಿನ ನಾನು ಕೂತ್ಕತೀನಿ. ನೀವು ಹೋಗಿ ಬನ್ನಿ."

ಹಾಲೇಶ ಬಚ್ಚಲಿಗೆ ಹೋಗಿ ಮುಖ ತೊಳೆದ. ಗೂಟದಲ್ಲಿದ್ದ ಬಿಳಿ ಅಂಗಿ ಹಾಕಿಕೊಂಡ, ಗುಂಡಿ ಹೆಚ್ಚುಕಮ್ಮಿ ಹಾಕಿ ಬಿಚ್ಚಿ ಮತ್ತೆ ಹಾಕಿದ. ಡಬ್ಬವನ್ನೂ ಬ್ಯಾಗನ್ನೂ ಎತ್ತಿಕೊಂಡು ಬಾಗಿಲವರೆಗೆ ಹೋದವನು ವಾಪಸ್ ಬಂದ. ಈ ಮನೆಯಲ್ಲಿ ಹೊರಗೆ ಹೊರಟವರು ಮುದುಕನಿಗೆ ಹೇಳಿಯೇ ಹೋಗುವುದು. ಅವನು "ಹೂಂ" ಎಂದರೆ ಹೊರಡುವುದು. ಜಗಳವಾಡಿದ ದಿನವೂ ಹಾಲೇಶ ಅದನ್ನು ತಪ್ಪಿಸಿದವನಲ್ಲ. ಎಳೆದುಕೊಂಡ ಬಾಗಿಲ ಮುಂದೆ ಡಬ್ಬ ಹಿಡಿದು ನಿಂತ.

"ಅಪ್ಪಾ, ಸ್ಪೂರ್ತಿ ಮನೆಗೆ ಹೋಗ್ಬತ್ತೀನಿ" ಎಂದ.

ಒಳಗಿನಿಂದ ಏನೂ ಬರಲಿಲ್ಲ. ಅವನೂ ಅಲ್ಲಾಡಲಿಲ್ಲ. ಬಸ್ಸು ಊರ ಬಾಗಿಲಲ್ಲಿ ಹಾರನ್ ಹಾಕಿದ್ದು ಕೇಳಿಸಿತು.

"ಹೂಂ ಅಂದ್ರು" ಎಂದಳು ಹುಲಿಗೆಮ್ಮ ಹಿಂದಿನಿಂದ. "ಹೊರಡಿ."

ಅವನು ಹೋದ ಮೇಲೆ ಅವಳು, ಹೆಣವಿರುವ ಮನೆಯಲ್ಲಿ ಒಲೆ ಉರಿಯಬಾರದೆಂದು, ಕೆಂಡಕ್ಕೆ ನೀರು ಚಿಮುಕಿಸಿ ಆರಿಸಿದಳು. ಕೋಣೆಯೊಳಗೆ ಹೋಗಿ ಮುದುಕನ ತಲೆಯ ಕಡೆ ದೀಪ ಹಚ್ಚಿ, ಗೋಡೆಗೆ ಒರಗಿ ಕೂತಳು. ಕೂತ ಕೂಡಲೇ ಮೈಯ ಒಂದೊಂದು ಗೆಣ್ಣೂ ನೋಯತೊಡಗಿತು. ತೊಳೆಯಲು ಬಾಣಲೆ ಇತ್ತು, ಗುಡಿಸಲು ನೆಲವಿತ್ತು. ಎದುರಿಗೆ ಮಲಗಿದ್ದವನಿಗೆ ಮಾತ್ರ ಇನ್ನು ಅವಳಿಂದ ಏನೂ ಬೇಕಾಗಿರಲಿಲ್ಲ. ಅದು ಎಂಥಾ ವಿಚಿತ್ರವಾಗಿತ್ತೆಂದರೆ ಎರಡು ಸಲ ಎದ್ದು ಅವನ ಮಗ್ಗುಲು ಬದಲಿಸಲು ಹೋಗಿ ಮತ್ತೆ ಕೂತಳು. ನಡುವೆ ತೂಕಡಿಸಿದಳು ಕೂಡ. ಹೆಣದ ಪಕ್ಕ ಕೂತು ನಿದ್ದೆ ಮಾಡಿದೆನಲ್ಲ ಎಂದು ಗಾಬರಿಯಾಗಿ ಎಚ್ಚರವಾಯಿತು. "ನಿಮ್ಮಿಂದಾನೇ ಕಣ್ರೀ ಮಾವ, ವರ್ಷದ ನಿದ್ದೆ ಬಾಕಿ ಇತ್ತು" ಎಂದು ಮೆಲ್ಲಗೆ ಅಂದಳು.

ಹೊರಗೆ ಜಗಲಿಯ ಮೇಲೆ ಕರಿಯಮ್ಮನ ದನಿ. ಯಾವಾಗಲೋ ಬಂದು ಕೂತಿದ್ದಳು. ಹಾಲೇಶ ಡಬ್ಬ ಹೊತ್ತು ಬಸ್ಸು ಹತ್ತಿದ್ದನ್ನು ಅವಳು ನೋಡಿರಲೇಬೇಕು. ಹಾಲಿನ ಡೈರಿಗೆ ಹೋಗುವ ಹೊನ್ನೇಶ್ "ಅಜ್ಜಯ್ಯ ಹೆಂಗವ್ರೆ?" ಎಂದು ಕೇಳಿದ್ದು, "ಈಗ ಕಣ್ಣು ಹತ್ತೈತೆ, ಎಬ್ಬಿಸ್ಬ್ಯಾಡ, ಮುಂದಕ್ಕೆ ನಡಿ" ಎಂದು ಅವಳು ಗದರಿದ್ದು ಒಳಗೆ ಕೇಳಿಸಿತು. ಆಮೇಲೆ ಬಂದ ಇನ್ನಿಬ್ಬರಿಗೂ ಅದೇ ಉತ್ತರ. ಒಳಗೆ ಬಂದು ನೋಡುವ ಯೋಚನೆಯನ್ನು ಮಾತ್ರ ಅವಳು ಮಾಡಲಿಲ್ಲ. ನೋಡದೆ ಹೇಳಿದರೆ ಸುಳ್ಳು ಹೇಳಿದಂತಾಗುವುದಿಲ್ಲ ಎನ್ನುವುದು ಅವಳ ಲೆಕ್ಕ.

ಬಿಸಿಲು ಇಳಿದು ಬಾಗಿಲ ಸಂದಿಯ ಬೆಳಕು ಮಬ್ಬಾಗುವ ಹೊತ್ತಿಗೆ ಫೋನು ಬಂತು. ವಿಡಿಯೋ ಕಾಲು. ಹುಲಿಗೆಮ್ಮ ದೀಪ ಕಾಣದಂತೆ ಎದ್ದು ಅಡುಗೆಮನೆಗೆ ಬಂದು, ಮುಖ ಒರೆಸಿಕೊಂಡು ಎತ್ತಿದಳು. ಬಲೂನು, ಗದ್ದಲ, ಮಕ್ಕಳ ಕಿರುಚಾಟ. ಸ್ಪೂರ್ತಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಅಮ್ಮ, ಅಪ್ಪ ಬಂದವ್ರೆ ಅಮ್ಮ. ಬಾಗಿಲಲ್ಲಿ ಡಬ್ಬ ಹಿಡ್ಕಂಡ್ ನಿಂತಿದ್ರು, ನನ್ಗೆ ಏನು ಮಾತಾಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ನೀನ್ಯಾಕೆ ಬರ್ಲಿಲ್ಲ?"

"ತಾತನ್ನ ಒಬ್ರನ್ನೇ ಬಿಟ್ಟು ಹೆಂಗ್ ಬರ್ಲೇ? ಕೇಕು ಆಯ್ತಾ?"

"ಆಯ್ತು, ಆರತಿನೂ ಆಯ್ತು. ಉಂಡೆ ನೋಡು ಹೆಂಗ್ ಕಿತ್ತಾಡ್ತಾವ್ರೆ. ತಾತನ್ಗೆ ತೋರ್ಸಮ್ಮ ಪಾಪೂನ."

"ಮಲಗವ್ರೆ ಕಣೇ. ನಾನ್ ಹೇಳ್ತೀನಿ ಬಿಡು."

ಫೋನು ತಿರುಗಿತು. ಹಾಲೇಶ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಧನ್ಯಶ್ರೀ, ಜರಿ ಲಂಗ, ಕಾಲಲ್ಲಿ ಗೆಜ್ಜೆ. ತನ್ನ ಮುಷ್ಟಿಗಿಂತ ದೊಡ್ಡದಾದ ಹಳದಿ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಕ್ಕುತ್ತಿತ್ತು, ಅವನ ಬಿಳಿ ಅಂಗಿಗೆಲ್ಲ ಹಳದಿ ಜೊಲ್ಲು. ಹಾಲೇಶ ಮಗುವಿನ ಬೆನ್ನಿಗೆ ಕೈ ಹಾಕಿದ್ದ. ಅವನು ಫೋನಿನೊಳಗೆ ಹೆಂಡತಿಯನ್ನು ನೋಡಿದ.

"ಒಲೆ ಹಚ್ಚಿದ್ಯಾ?" ಎಂದು ಕೇಳಿದ.

"ಇಲ್ಲ" ಎಂದಳು.

ಅವನು ತಲೆಯಾಡಿಸಿದ. ಮಗುವಿನ ನೆತ್ತಿಯ ಮೇಲೆ ಗದ್ದ ಊರಿದ. "ಇನ್ನು ಹೊರಡ್ತೀನಿ" ಎಂದ.

"ನೋಡಮ್ಮ, ಬಂದವ್ರು ಈಗ್ಲೇ ಹೊರಡ್ತೀನಿ ಅಂತಾವ್ರೆ" ಎಂದು ಸ್ಪೂರ್ತಿ ಹಿಂದಿನಿಂದ ರಾಗ ತೆಗೆದಳು. "ಬಿಡೇ, ಹೋಗ್ಲಿ, ತಾತನ್ನ ನೋಡ್ಬೇಕಲ್ಲ" ಎಂದು ಹುಲಿಗೆಮ್ಮ ಫೋನು ಇಟ್ಟಳು. ಮಗಳಿಗೆ ನಾಳೆ ಬೆಳಿಗ್ಗೆ ಹೇಳಿದರಾಯಿತು. ಇವತ್ತೊಂದು ರಾತ್ರಿ ಅವಳು ನಗುತ್ತ ಮಲಗಲಿ.

ಬೀದಿ ಬಾಗಿಲು ತೆರೆದಳು. ಕರಿಯಮ್ಮ ಅಲ್ಲೇ ಕೂತಿದ್ದಳು, ತಲೆಯೆತ್ತಿ ನೋಡಿದಳು.

"ಆಯ್ತೇನೇ?"

"ಆಯ್ತಕ್ಕ. ಆರತಿನೂ ಆಯ್ತಂತೆ. ಮಾವ..." ಎಂದು ಶುರು ಮಾಡಿದವಳಿಗೆ ಬೆಳಿಗ್ಗೆಯಿಂದ ಕಟ್ಟಿಟ್ಟ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಬೇಕಾಗಲೂ ಇಲ್ಲ. ಕರಿಯಮ್ಮ ಮಂಡಿಗೆ ಕೈ ಊರಿ ಎದ್ದು ಒಳಗೆ ಹೋದಳು. ದೀಪದ ಬೆಳಕಲ್ಲಿ ಮುದುಕನ ಮುಖ ನೋಡಿದಳು. ರೆಪ್ಪೆಯ ಮೇಲಿನ ಗುಲಾಬಿ ಬಣ್ಣ ನೋಡಿದಳು. ಸೆರಗಿನ ತುದಿ ಎತ್ತಿದವಳು ಒರೆಸದೆ ಕೆಳಗೆ ಬಿಟ್ಟು, ಹೊಸ್ತಿಲ ಮೇಲೆ ಕುಸಿದು ಕೂತು ದನಿ ತೆಗೆದಳು. ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆದವು.

ಅಳು ಬಂದೇ ಬರುತ್ತದೆ ಎಂದುಕೊಂಡಿದ್ದಳು ಹುಲಿಗೆಮ್ಮ. ಬರಲಿಲ್ಲ, ಅದಕ್ಕೂ ಮೈಯಲ್ಲಿ ಕಸುವು ಬೇಕು. ಜನ ಬರುವುದರೊಳಗೆ ಮಾಡಬೇಕಾದ್ದು ಒಂದಿತ್ತು. ಅಡುಗೆಮನೆಗೆ ಹೋಗಿ ಅಟ್ಟದಿಂದ ಬಟ್ಟೆಯ ಚೀಲ ಇಳಿಸಿ, ಗಂಟು ಬಿಚ್ಚಿ ಮೊರಕ್ಕೆ ಸುರಿದಳು. ಬಿಳಿ ಮಂಡಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು, ಹಸಿರು, ಹಳದಿ, ಗುಲಾಬಿ. ಬಣ್ಣದ ಕೈಯಲ್ಲಿ ಬಾಚುವಾಗ ಅಂಟಿಕೊಂಡು ಬಂದವು. ಇವನ್ನು ತೂರುವಂತಿಲ್ಲವೆಂದು ಕೂತು ಆರಿಸತೊಡಗಿದಳು. ಒಂದು ಆರಿಸಿ ಅಂಗೈಯಲ್ಲಿಟ್ಟಳು, ಇನ್ನೊಂದು, ಮತ್ತೊಂದು. ಹೊರಗೆ ಕರಿಯಮ್ಮನ ದನಿಗೆ ಬೇರೆ ದನಿಗಳು ಸೇರಿಕೊಂಡವು. ಹುಲಿಗೆಮ್ಮ ಅಂಗೈ ನೋಡಿದಳು. ಆರಿಸಿದ್ದನ್ನೆಲ್ಲ ಮತ್ತೆ ಮೊರಕ್ಕೇ ಹಾಕಿ, ಒಂದು ಸಲ ಕೈಯಾಡಿಸಿ ಬೆರೆಸಿ, ಮೊರ ಎತ್ತಿಕೊಂಡು ಹೊರಗೆ ನಡೆದಳು.